ಕೇಳದೆ ತಂದ ಎಲೆ

ಗಿಡದ ಹುಚ್ಚಿರುವ ಹೆಂಗಸರಿಗೆ ಇನ್ನೊಬ್ಬರ ಮನೆಯ ಜಗಲಿ ಹತ್ತುವಾಗ ಮನೆಯವರ ಮುಖಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಕುಂಡಗಳು. ಇದನ್ನು ಓದುತ್ತಿರುವ ನಿಮ್ಮಲ್ಲಿ ಅರ್ಧಕ್ಕರ್ಧ ಜನ ಹೌದು ಎನ್ನುತ್ತೀರಿ ಎಂಬುದು ನನಗೆ ಗೊತ್ತು. "ಕಾಫಿ ಬೇಡ, ಈಗಷ್ಟೇ ಆಯ್ತು" ಎನ್ನುವಾಗಲೇ ಕಣ್ಣು ತುಳಸಿಕಟ್ಟೆಯ ಆಚೆಗೆ ಓಡಿರುತ್ತದೆ. ನಮ್ಮ ಸಾಗರದ ಕಡೆ ಮದುವೆಮನೆಗೆ ಹೋದವರೂ ಬರುವಾಗ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಪಕ್ಕ ಒದ್ದೆ ಬಟ್ಟೆಯಲ್ಲಿ ಸುತ್ತಿದ ದಾಸವಾಳದ ಗೆಲ್ಲನ್ನೋ ಡೇರೆಯ ಗಡ್ಡೆಯನ್ನೋ ತರುವುದುಂಟು. ಬಸ್ಸಿನಲ್ಲಿ ಸೀರೆ ಕೊಳೆಯಾದರೂ ಪರವಾಗಿಲ್ಲ, ಗೆಲ್ಲು ಮುರಿಯಬಾರದು.

ನಮ್ಮ ಅತ್ತೆಯವರಿಗೆ ಈ ವಿಷಯದಲ್ಲಿ ಒಂದು ಸಿದ್ಧಾಂತವೇ ಇತ್ತು. ಕೇಳಿ ತಂದ ಗಿಡ ಬದುಕಿದರೆ ಬದುಕೀತು, ಕದ್ದು ತಂದದ್ದು ಮಾತ್ರ ಸಾಯುವುದೇ ಇಲ್ಲ ಎನ್ನುತ್ತಿದ್ದರು. ಈ ಮಾತನ್ನು ನೀವೂ ಎಲ್ಲಾದರೂ ಕೇಳಿರುತ್ತೀರಿ. ಮನಿ ಪ್ಲಾಂಟ್ ಅಂತೂ ಕದ್ದರೇ ಚಿಗುರುತ್ತದೆ ಎಂದು ನಂಬುವವರು ಊರೂರಲ್ಲಿ ಇದ್ದಾರೆ. ಬೆಳಗಿನ ಜಾವ ವಾಕಿಂಗ್ ನೆಪದಲ್ಲಿ ಪ್ಲಾಸ್ಟಿಕ್ ಕೊಟ್ಟೆ ಹಿಡಿದು ಕಂಡವರ ಕಾಂಪೌಂಡಿನ ದಾಸವಾಳ, ನಂದಿಬಟ್ಟಲು ಕೊಯ್ಯುವ ಹಿರಿಯರನ್ನು ಕೇಳಿ ನೋಡಿ, ದೇವರ ಹೂವಿಗೆ ಕಳವಿಲ್ಲ ಎನ್ನುತ್ತಾರೆ. ಹಾಗೆ ಕೊಯ್ದದ್ದನ್ನು ದೇವರ ತಲೆಯ ಮೇಲಿಟ್ಟು, ತಮ್ಮ ಮನೆಯ ಹೂವು ಯಾರು ಕೊಯ್ದರೆಂದು ಬೈಯುತ್ತಾ ಕೂರುವವರನ್ನೂ ನಾನು ಕಂಡಿದ್ದೇನೆ.

ನಾನು ಕದ್ದದ್ದು ಬೆಗೋನಿಯಾದ ಒಂದು ಎಲೆ. ಒಂದೇ ಒಂದು.

ಬೆಗೋನಿಯಾ ನಿಮಗೆ ಹೊಸದಲ್ಲ. ಮಲೆನಾಡಿನ ಸೂರಿನ ಕೆಳಗೆ, ಒಡೆದ ಕೊಡ, ತೂತಾದ ಕೆಟಲು, ತೆಂಗಿನ ಸಿಪ್ಪೆ, ಯಾವುದರಲ್ಲಿಟ್ಟರೂ ಬರುವ ಗಿಡ. ಗುಲಾಬಿ, ಬಿಳಿ ಹೂವಿನ ಸಣ್ಣ ಜಾತಿಯಂತೂ ಮನೆಮನೆಯಲ್ಲೂ ಇದೆ. ನಾನು ಹೇಳುತ್ತಿರುವುದು ರೆಕ್ಸ್ ಜಾತಿಯದು. ಅದರಲ್ಲಿ ಹೂವು ಲೆಕ್ಕಕ್ಕಿಲ್ಲ, ನೋಡಬೇಕಾದದ್ದು ಎಲೆಯನ್ನೇ. ಅಂಗೈಗಿಂತ ದೊಡ್ಡ ಎಲೆ, ನಡುವೆ ಬೆಳ್ಳಿಯ ಪಟ್ಟಿ, ಅಂಚಿಗೆ ವೈನ್ ಬಣ್ಣ, ಮಗುಚಿದರೆ ಅಡಿಯೆಲ್ಲ ಕೆಂಪು, ತೊಟ್ಟಿನ ತುಂಬ ನವಿರಾದ ರೋಮ. ಬೆಗೋನಿಯಾದ ಎಲೆಯ ಒಂದು ವಿಶೇಷವೆಂದರೆ ನಡುನರದ ಎರಡು ಬದಿ ಸಮನಾಗಿರುವುದಿಲ್ಲ. ಒಂದು ಕಡೆ ದೊಡ್ಡದು, ಒಂದು ಕಡೆ ಚಿಕ್ಕದು, ಯಾರೋ ಆತುರದಲ್ಲಿ ವಾರೆಯಾಗಿ ಕತ್ತರಿಸಿದ ಹಾಗೆ. ಜಗತ್ತಿನಲ್ಲಿ ಈಗ ಗುರುತಿಸಿರುವ ಎರಡು ಸಾವಿರಕ್ಕೂ ಮಿಕ್ಕಿದ ಬೆಗೋನಿಯಾ ಜಾತಿಗಳಲ್ಲಿ ಹೆಚ್ಚಿನವಕ್ಕೆಲ್ಲ ಈ ವಾರೆ ಇದ್ದೇ ಇದೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಮಳೆಗಾಲದಲ್ಲಿ ಒದ್ದೆ ಬಂಡೆಯ ಮೇಲೆ ಗುಲಾಬಿ ಹೂ ಬಿಡುವ ಕಾಡು ಬೆಗೋನಿಯಾಗಳಿವೆ. ಎಲೆ ಅಗಿದರೆ ಹುಳಿ. ದನ ಕಾಯುವ ಮಕ್ಕಳಿಗೆ ಗೊತ್ತು.

ಆ ರೆಕ್ಸ್ ಗಿಡ ಇದ್ದದ್ದು ನಮ್ಮ ಬೀದಿಯ ಕೊನೆಯ ಮನೆಯ ಜಗಲಿಯಲ್ಲಿ. ಊರಿನವರೆಲ್ಲ ಆ ಮನೆಯೊಡತಿಯನ್ನು ಮೂಲೆಮನೆ ಅಮ್ಮ ಎಂದೇ ಕರೆಯುವುದು. ಅವರ ತಮ್ಮ ಸೈನ್ಯದಲ್ಲಿದ್ದಾಗ ಶಿಲ್ಲಾಂಗಿನಿಂದ ಹಾರ್ಲಿಕ್ಸ್ ಬಾಟಲಿಯಲ್ಲಿ ತಂದುಕೊಟ್ಟ ಗಿಡವಂತೆ. ಅದಕ್ಕೆ ಮಧ್ಯಾಹ್ನದ ಬಿಸಿಲು ತಾಗದ ಹಾಗೆ ಗೋಣಿತಾಟು ಕಟ್ಟಿದ್ದರು. ನಾನು ಎರಡು ಸಲ ಬಾಯಿಬಿಟ್ಟು ಕೇಳಿದ್ದೆ. ಎರಡನೆಯ ಸಲ ಅವರು ನೇರವಾಗಿಯೇ ಹೇಳಿದರು:

"ಬೇಜಾರು ಮಾಡ್ಕೋಬೇಡಿ ಟೀಚರ್. ಇಲ್ಲೀವರೆಗೆ ಎಂಟು ಹತ್ತು ಜನಕ್ಕೆ ಕೊಟ್ಟೆ. ಒಬ್ಬರ ಮನೇಲೂ ಉಳೀಲಿಲ್ಲ. ನೀರು ಹಾಕಿ ಹಾಕಿ ಕೊಳೆಸಿದ್ರು. ಮತ್ತೆ ಬಂದು ಇನ್ನೊಂದು ಎಲೆ ಕೊಡಿ ಅಂತಾರೆ. ನಂಗೆ ಕರುಳು ಕಿತ್ತು ಬರುತ್ತೆ ಮಾರಾಯ್ತಿ. ಇನ್ನು ಯಾರಿಗೂ ಕೊಡಲ್ಲ ಅಂತ ತೀರ್ಮಾನ ಮಾಡಿದೀನಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಬೆಗೋನಿಯಾ ಸಾಯುವುದು ಬಹುಪಾಲು ನೀರು ಕಡಿಮೆಯಾಗಿ ಅಲ್ಲವೇ ಅಲ್ಲ, ಹೆಚ್ಚಾಗಿ. ಅಡಿಕೆ ಬೆಳೆಯುವ ನಮಗೆ ಕೊಳೆ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಎಲೆ ಸ್ವಲ್ಪ ಬಾಡಿದ್ದು ಕಂಡರೆ ಸಾಕು, ಅಯ್ಯೋ ಪಾಪ ಎಂದು ಇನ್ನೊಂದು ಚೊಂಬು ಸುರಿಯುತ್ತೇವೆ. ಬೇರು ಕೊಳೆತದ್ದಕ್ಕೇ ಅದು ಬಾಡಿರುತ್ತದೆ.

2009ರ ಜುಲೈ. ಶನಿವಾರ, ಬೆಳಗಿನ ಶಾಲೆ ಮುಗಿಸಿ ಬರುವಾಗ ಮಳೆ ಜೋರಾಗಿ ಮೂಲೆಮನೆಯ ಜಗಲಿಗೆ ನುಗ್ಗಿದೆ. ಅಮ್ಮ ತಲೆ ಒರೆಸಿಕೊಳ್ಳಲು ಪಂಚೆ ಕೊಟ್ಟು, ಕಷಾಯ ಮಾಡುತ್ತೇನೆಂದು ಒಳಗೆ ಹೋದರು. ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದು ಕೇಳಿಸಿತು. ನಾನು ಉಗುರಿನಿಂದ ಒಂದು ಎಲೆ ಚಿವುಟಿ ಚೀಲದಲ್ಲಿದ್ದ ಯಾರದೋ ಕಾಂಪೋಸಿಷನ್ ಪುಸ್ತಕದ ನಡುವೆ ಇಟ್ಟುಕೊಂಡೆ. ಹಿಂದಿನ ಸಾಲಿನ ಎಲೆ, ಗೊತ್ತಾಗದಂಥದು. ಆಮೇಲೆ ಕಷಾಯ ಕುಡಿದೆ. ಚೆನ್ನಾಗಿದೆ ಎಂದು ಇನ್ನರ್ಧ ಲೋಟ ಹಾಕಿಸಿಕೊಂಡೂ ಕುಡಿದೆ.

ಎಲೆಯಿಂದ ಗಿಡ ಮಾಡುವುದು ನನಗೆ ಗೊತ್ತಿತ್ತು. ಎಲೆಯನ್ನು ಮಗುಚಿ, ದಪ್ಪ ನರಗಳು ಕವಲೊಡೆಯುವ ಕಡೆ ಬ್ಲೇಡಿನಿಂದ ಸಣ್ಣಗೆ ಗೀರಬೇಕು. ತೊಳೆದ ಮರಳನ್ನು ಒದ್ದೆ ಮಾಡಿ ಅದರ ಮೇಲೆ ಎಲೆಯ ಕೆಂಪು ಬದಿ ಕೆಳಗಾಗುವಂತೆ ಹಾಸಿ, ಮರಳಿಗೆ ಅಂಟಿಕೊಂಡಿರಲು ಅಲ್ಲಲ್ಲಿ ಸಣ್ಣ ಕಲ್ಲು ಹೇರಿ, ಮೇಲೆ ಗಾಜು ಮುಚ್ಚಿ ನೆರಳಿನಲ್ಲಿಡಬೇಕು. ದಿನಾ ತೆಗೆದು ನೋಡಬಾರದು. ಈ ಕೊನೆಯದು ಪಾಲಿಸುವುದು ಬಹಳ ಕಷ್ಟ. ಐದಾರು ವಾರಕ್ಕೆ ಗೀರಿದ ಜಾಗದಲ್ಲೆಲ್ಲ ಸಾಸಿವೆಯಷ್ಟು ಚಿಗುರು ಏಳುತ್ತದೆ. ನನ್ನ ಎಲೆಯಲ್ಲಿ ಒಂಬತ್ತು ಎದ್ದವು.

ಆದರೆ ಅದಕ್ಕೂ ಮೊದಲು ನಡೆದದ್ದನ್ನು ಹೇಳಬೇಕು. ಆ ಶನಿವಾರ ಕಳೆದ ಸೋಮವಾರ ಆರನೇ ತರಗತಿಯಲ್ಲಿ ಒಬ್ಬ ಹುಡುಗಿಯ ಹನ್ನೆರಡು ಬಣ್ಣದ ಪೆನ್ಸಿಲ್ ಡಬ್ಬಿಯಿಂದ ನೀಲಿ ಪೆನ್ಸಿಲ್ ಕಾಣೆಯಾಯಿತು. ಚೀಲಗಳನ್ನು ಹುಡುಕಿಸಿದೆ. ಕೊನೆಯ ಬೆಂಚಿನ ಹುಡುಗಿಯ ಚೀಲದಲ್ಲಿ ಸಿಕ್ಕಿತು. ತಾಯಿ ಅಡಿಕೆ ಸುಲಿಯಲು ಹೋಗುತ್ತಿದ್ದವಳು. ನಾನು ಅವಳನ್ನು ಹೊಡೆಯಲಿಲ್ಲ. ಹೊಡೆಯುವ ಟೀಚರ್ ನಾನಲ್ಲ ಎಂಬ ಹೆಮ್ಮೆ ನನಗಿತ್ತು. ಪೆನ್ಸಿಲನ್ನು ಕೈಯಲ್ಲಿ ಎತ್ತಿ ಹಿಡಿಸಿ ಬೋರ್ಡಿನ ಪಕ್ಕ ಎರಡು ಪೀರಿಯಡ್ ನಿಲ್ಲಿಸಿದೆ. ಕೇಳದೆ ತೆಗೆದುಕೊಂಡದ್ದೆಲ್ಲ ಕಳ್ಳತನವೇ ಎಂದು ಮಕ್ಕಳಿಗೆ ಸಾವಕಾಶವಾಗಿ, ಉದಾಹರಣೆ ಸಹಿತ ತಿಳಿಸಿದೆ.

ಅದೇ ಹೊತ್ತಿನಲ್ಲಿ ನನ್ನ ಅಡುಗೆಮನೆಯ ಕಿಟಕಿಯಲ್ಲಿ ಆ ಎಲೆ ಒದ್ದೆ ಮರಳಿನ ಮೇಲೆ ಮಲಗಿತ್ತು. ನೀವು ನಂಬುತ್ತೀರೋ ಇಲ್ಲವೋ, ಆ ಎರಡು ಪೀರಿಯಡ್‌ಗಳಲ್ಲಿ ಒಂದು ಕ್ಷಣವೂ ನನಗೆ ಅದರ ನೆನಪಾಗಲಿಲ್ಲ. ನೆನಪಾಗಿಯೂ ಮುಚ್ಚಿಟ್ಟಿದ್ದರೆ ಕಪಟಿ ಎನ್ನಬಹುದಿತ್ತು. ಕಪಟಿಗಾದರೂ ತನ್ನ ಕಪಟ ಗೊತ್ತಿರುತ್ತದೆ. ನನ್ನ ಸ್ಥಿತಿಗೆ ಏನು ಹೆಸರೋ.

ನೆನಪಾದದ್ದು ಸೆಪ್ಟೆಂಬರಿನಲ್ಲಿ. ಕಾಯಜ ಸಂತಾನೋತ್ಪತ್ತಿಯ ಪಾಠಕ್ಕೆ ಬ್ರಯೋಫಿಲ್ಲಂ ಎಲೆ ಸಿಗಲಿಲ್ಲವೆಂದು ವಿಜ್ಞಾನದ ಮೇಡಂ ಹೇಳಿದ್ದಕ್ಕೆ, ನನ್ನ ಹತ್ತಿರ ಅದಕ್ಕಿಂತ ಚೆಂದದ್ದಿದೆ ಎಂದು ಮರಳಿನ ತಟ್ಟೆಯನ್ನು ಶಾಲೆಗೆ ಒಯ್ದೆ. ಮಕ್ಕಳು ಮುತ್ತಿಕೊಂಡವು. "ಎಲ್ಲಿಂದ ತಂದ್ರಿ ಟೀಚರ್?" ಎಂದು ಒಬ್ಬ ಕೇಳಿದ. "ಒಬ್ಬರು ಕೊಟ್ಟರು" ಎಂದೆ. ಮಾತು ಬಾಯಿಂದ ಬಿದ್ದ ಮೇಲೆ ತಲೆಯೆತ್ತಿದರೆ ಕೊನೆಯ ಬೆಂಚಿನ ಆ ಹುಡುಗಿ, ಎಲ್ಲರೂ ಎದ್ದು ಬಂದರೂ ತಾನು ಏಳದೆ, ಕೂತಲ್ಲಿಂದಲೇ ನನ್ನನ್ನು ನೋಡುತ್ತಿದ್ದಳು. ಜುಲೈ ಆದ ಮೇಲೆ ಅವಳು ಯಾವುದಕ್ಕೂ ಮುಂದೆ ಬರುವುದನ್ನು ಬಿಟ್ಟಿದ್ದಳು. ನಾನು ಅದನ್ನು ಗಮನಿಸಿದ್ದೂ ಅಂದೇ. ಮಗುವನ್ನು ಹಾಗೆ ನಿಲ್ಲಿಸುವುದೂ ಹಿಂಸೆಯೇ ಎನ್ನುವ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೇ ನಿಷೇಧಿಸುತ್ತದೆ. ಸುತ್ತೋಲೆಗೆ ಎಲ್ಲರಂತೆ ನಾನೂ ಸಹಿ ಹಾಕಿದೆ.

ಆಮೇಲಿನ ವರ್ಷಗಳಲ್ಲಿ ನಾನು ನನ್ನ ಪರವಾಗಿ ಸಾಕಷ್ಟು ವಾದ ಮಾಡಿಕೊಂಡಿದ್ದೇನೆ. ಗಿಡಕ್ಕೆ ನೀರು ಹಾಕುವಾಗ ವಾದಕ್ಕೆ ಬಿಡುವು ಚೆನ್ನಾಗಿ ಸಿಗುತ್ತದೆ. ಮೊದಲನೆಯ ವಾದ, ಯಾರಿಗೂ ನಷ್ಟವಾಗಲಿಲ್ಲವಲ್ಲ ಎಂಬುದು. ಇಪ್ಪತ್ತು ಎಲೆಯ ಗಿಡ, ತಿಂಗಳಲ್ಲಿ ಇನ್ನೊಂದು ಎಲೆ ಬಿಟ್ಟಿರುತ್ತದೆ. ಪೆನ್ಸಿಲ್ ಮತ್ತೆ ಚಿಗುರುವುದಿಲ್ಲ, ಎಲೆ ಚಿಗುರುತ್ತದೆ. ನಮ್ಮ ಮನೆಯವರು ಸಂಸ್ಕೃತ ಓದಿಕೊಂಡವರು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲೇ ಗೆಡ್ಡೆ, ಹಣ್ಣು, ಬೆಂಕಿಗೆ ಕಟ್ಟಿಗೆ, ಹಸುವಿಗೆ ಹುಲ್ಲು ತೆಗೆದುಕೊಂಡರೆ ಕಳವಲ್ಲ ಎಂದಿದೆ ಕಣೆ ಎಂದು ಸಮಾಧಾನ ಹೇಳಿದರು. ಬೆಗೋನಿಯಾ ಇವ್ಯಾವುದಕ್ಕೂ ಅಲ್ಲವಲ್ಲ ಎಂದೆ. ಪೇಪರ್ ಮುಖಕ್ಕೆ ಹಿಡಿದರು.

ಮಹಾಭಾರತದ ಶಾಂತಿಪರ್ವದಲ್ಲಿ ಶಂಖ ಲಿಖಿತರ ಕಥೆ ಬರುತ್ತದೆ. ಅಣ್ಣ ಶಂಖನ ಆಶ್ರಮಕ್ಕೆ ತಮ್ಮ ಲಿಖಿತ ಬರುತ್ತಾನೆ. ಅಣ್ಣ ಇರುವುದಿಲ್ಲ. ಮರದಲ್ಲಿ ಮಾಗಿದ ಹಣ್ಣು ಕಂಡು ಕೊಯ್ದು ತಿನ್ನುತ್ತಾನೆ. ಬಂದ ಅಣ್ಣ, ಕೇಳದೆ ತಿಂದೆಯಲ್ಲ, ಇದು ಕಳ್ಳತನ, ಹೋಗಿ ರಾಜನ ಹತ್ತಿರ ಶಿಕ್ಷೆ ಕೇಳು ಎನ್ನುತ್ತಾನೆ. ರಾಜ ಸುದ್ಯುಮ್ನ ಬೇಡವೆಂದರೂ ಲಿಖಿತ ಬಿಡದೆ ಎರಡೂ ಕೈ ಕಡಿಸಿಕೊಳ್ಳುತ್ತಾನೆ. ಆಮೇಲೆ ಅಣ್ಣ ಬಾಹುದಾ ನದಿಯಲ್ಲಿ ಮುಳುಗಿ ತರ್ಪಣ ಬಿಡು ಎಂದಾಗ ಕೈಗಳು ಮತ್ತೆ ಬರುತ್ತವೆ. ಚಿಕ್ಕವಳಿದ್ದಾಗ ಈ ಕಥೆ ಕೇಳಿ ಎಂಥ ಕಟುಕ ಅಣ್ಣ ಎಂದುಕೊಂಡಿದ್ದೆ. ಈಗ ಬೇರೆ ಏನೋ ಕಾಣುತ್ತದೆ. ಲಿಖಿತ ಕೇಳಿದ್ದರೆ ಅಣ್ಣ ಒಂದಲ್ಲ, ಬುಟ್ಟಿ ತುಂಬ ಹಣ್ಣು ಕೊಡುತ್ತಿದ್ದ. ಅಲ್ಲಿ ನಷ್ಟದ ಪ್ರಶ್ನೆಯೇ ಇಲ್ಲ. ನಾನಾದರೋ ಎರಡು ಸಲ ಕೇಳಿದ್ದೆ, ಎರಡು ಸಲ ಇಲ್ಲ ಎನ್ನಿಸಿಕೊಂಡಿದ್ದೆ. ಎಲೆ ಮತ್ತೆ ಬರುತ್ತದೆ, ಸರಿ. ಆದರೆ ಆ ಹೆಂಗಸಿಗೆ ತನ್ನದು ಎನ್ನಲು ಇದ್ದದ್ದರಲ್ಲಿ 'ಕೊಡುವುದಿಲ್ಲ' ಎನ್ನುವ ಮಾತೂ ಒಂದು. ನಾನು ಅದನ್ನೂ ಚಿವುಟಿಕೊಂಡು ಬಂದೆ. ಮನೆಯಲ್ಲಿ, ಊರಲ್ಲಿ, ಯಾರ ಮಾತಿಗೂ ಇಲ್ಲ ಎನ್ನಲಾಗದೆ ಬದುಕಿದ ಹೆಂಗಸರು ನಾವು. ಆ ಮಾತಿಗೆ ಎಷ್ಟು ಬೆಲೆ ಎಂದು ನನಗೆ ಗೊತ್ತಿರಬೇಕಿತ್ತು.

ಎರಡನೆಯ ವಾದ ಸ್ವಲ್ಪ ಗಟ್ಟಿಯದು. ಗಿಡ ಯಾರದು? ಬೆಳೆಸಿದವರದಲ್ಲವೆ? ಈ ರೆಕ್ಸ್ ಬೆಗೋನಿಯಾದ ಚರಿತ್ರೆಯೇ ನೋಡಿ. ಮೂಲದಲ್ಲಿ ಅಸ್ಸಾಮಿನ ಕಾಡಿನದು. 1850ರ ದಶಕದಲ್ಲಿ ಯುರೋಪಿಗೆ ಹೋಯಿತು, ಆರ್ಕಿಡ್‌ಗಳ ನಡುವೆ ಸೇರಿಕೊಂಡು. 1857ರಲ್ಲಿ ಅಲ್ಲಿಯವರು ಅದಕ್ಕೆ ರೆಕ್ಸ್, ಅಂದರೆ ರಾಜ, ಎಂದು ಹೆಸರಿಟ್ಟರು. ಬೇರೆ ಜಾತಿಗಳೊಡನೆ ಕೂಡಿಸಿ ನೂರಾರು ಬಣ್ಣ ಮಾಡಿದರು. ಈಗ ನಮ್ಮ ನರ್ಸರಿಗಳಲ್ಲಿ ಸಿಗುವುದೆಲ್ಲ ಆ ಮಿಶ್ರ ಸಂತತಿ. ಬೆಗೋನಿಯಾ ಎಂಬ ಹೆಸರು ಕೂಡ ಮಿಶೆಲ್ ಬೆಗಾನ್ ಎಂಬ ಫ್ರೆಂಚ್ ಅಧಿಕಾರಿಯದು. ಅಸ್ಸಾಮಿನ ಯಾರನ್ನೂ ಯಾರೂ ಕೇಳಿರಲಿಕ್ಕಿಲ್ಲ. ಇಷ್ಟು ದೊಡ್ಡ ಲೆಕ್ಕದಲ್ಲಿ ನನ್ನ ಒಂದು ಎಲೆ ಎಷ್ಟರದು ಎಂದು ಸಮಾಧಾನಪಟ್ಟುಕೊಂಡೆ. ಆದರೆ ಗಿಡವೇ ಈ ವಾದವನ್ನು ಕೆಡಿಸಿತು. ರೆಕ್ಸ್ ಗಿಡದ ಬೀಜ ಬಿತ್ತಿದರೆ ತಾಯಿಯಂಥದೇ ಹುಟ್ಟುವುದಿಲ್ಲ. ಎಲೆಯಿಂದ ಮಾಡಿದರೆ ತಾಯಿಯೇ ಬರುತ್ತದೆ. ನನ್ನ ಕಿಟಕಿಯಲ್ಲಿ ಬೆಳೆದದ್ದು ಮೂಲೆಮನೆ ಅಮ್ಮನ ಗಿಡದ ಮಗಳಲ್ಲ, ಅವರ ಗಿಡವೇ. ಮಗಳಾಗಿದ್ದರೆ ಸಾಕಿದ್ದೇನೆ ಎಂದಾದರೂ ಹೇಳಬಹುದಿತ್ತು.

ಹೀಗೆ ತತ್ವವಿಚಾರ ಮಾಡುತ್ತಲೇ ನಾನು ಆ ಗಿಡಗಳನ್ನು ಬಚ್ಚಿಡುವುದರಲ್ಲಿ ನಿಪುಣೆಯಾದೆ. ಮೂಲೆಮನೆ ಅಮ್ಮ ಅರಿಶಿನ ಕುಂಕುಮಕ್ಕೆ ಬರುತ್ತಾರೆಂದರೆ ಬೆಳಿಗ್ಗೆಯೇ ಕುಂಡಗಳೆಲ್ಲ ಬಚ್ಚಲುಮನೆಗೆ ಹೋಗುತ್ತಿದ್ದವು. ಹಂಡೆಯ ಹಬೆಗೋ ಏನೋ, ಅಲ್ಲಿ ಇನ್ನಷ್ಟು ನಳನಳಿಸುತ್ತಿದ್ದವು. ಅತ್ತೆಯವರ ಸಿದ್ಧಾಂತ ನಿಜವಾಗುವ ಬಗೆಯೂ ಆಗ ಅರ್ಥವಾಯಿತು. ಕೊಂಡು ತಂದ ಗಿಡ ಸತ್ತರೆ ಇನ್ನೊಂದು ಕೊಳ್ಳಬಹುದು. ಕದ್ದದ್ದು ಸತ್ತರೆ ಯಾವ ಮುಖ ಹೊತ್ತು ಕೇಳುವುದು? ಹಾಗಾಗಿ ಅದನ್ನು ಉಳಿದ ಗಿಡಗಳಿಗಿಂತ ಹೆಚ್ಚು ಜತನದಿಂದ ನೋಡುತ್ತೇವೆ. ನಾನು ಬೆರಳಿನ ಒಂದು ಗೆಣ್ಣು ಮಣ್ಣಿಗಿಳಿಸಿ ಒಣಗಿದ್ದರೆ ಮಾತ್ರ ನೀರು ಹಾಕುತ್ತಿದ್ದೆ, ಅದೂ ಬೆಳಿಗ್ಗೆ, ಎಲೆಗೆ ತಾಗದಂತೆ. ಕೆಮ್ಮಣ್ಣಿಗೆ ಮರಳು, ಹಳೆಯ ಸಗಣಿಗೊಬ್ಬರ, ಕಾಡಿನ ದರಗು ಬೆರೆಸುತ್ತಿದ್ದೆ. ಬೂದಿರೋಗ ಕಂಡ ಎಲೆಯನ್ನು ಅಂದೇ ಕಿತ್ತು ಗಾಳಿ ಆಡುವ ಕಡೆ ಇಡುತ್ತಿದ್ದೆ. ಸ್ವಂತ ಮಕ್ಕಳ ಜ್ವರಕ್ಕೂ ಅಷ್ಟು ಗಾಬರಿಯಾದವಳಲ್ಲ.

2020ರ ಮಾರ್ಚಿನಲ್ಲಿ ಅಮ್ಮ ಹದಿನೈದು ದಿನಕ್ಕೆಂದು ಬೆಂಗಳೂರಿನ ಮಗನ ಮನೆಗೆ ಹೋದರು. ಕೊರೊನಾ ಬಂತು, ದೇಶವೇ ಬಾಗಿಲು ಹಾಕಿತು. ಅವರು ತಿರುಗಿ ಬಂದದ್ದು ಮರುವರ್ಷ ಸಂಕ್ರಾಂತಿ ಕಳೆದ ಮೇಲೆ. ಬೇಸಿಗೆಯಲ್ಲಿ ನೀರಿಲ್ಲದೆ, ಮಳೆಯಲ್ಲಿ ಸೋರಿದ ನೀರು ನಿಂತು, ಜಗಲಿಯ ಕುಂಡಗಳೆಲ್ಲ ಬರಿದು. ಬೀಗದ ಕೈ ಯಾರ ಹತ್ತಿರವೂ ಇರಲಿಲ್ಲವೇ ಎಂದು ನೀವು ಕೇಳಬಹುದು. ಜಗಲಿಗೆ ಬೀಗವಿರಲಿಲ್ಲ. ಬೀದಿಯ ಈ ತುದಿಯಿಂದ ಆ ತುದಿಗೆ ನಾನು ಹೋಗಿ ನೀರು ಹಾಕಬಹುದಿತ್ತು. ಅಂಗಡಿಗೆ ಹೋಗಿ ಬರುತ್ತಲೇ ಇದ್ದೆನಲ್ಲ. ಆ ಜಗಲಿಯ ಕಡೆ ನೋಡದೆ ನಡೆಯುವುದು ಅಷ್ಟರಲ್ಲಿ ಅಭ್ಯಾಸವಾಗಿಬಿಟ್ಟಿತ್ತು. ಎಲೆ ಕಿತ್ತದ್ದಕ್ಕಿಂತ ಇದು ದೊಡ್ಡದೆಂದು ಈಗ ಅನ್ನಿಸುತ್ತದೆ.

ತಮ್ಮ ತಂದ ಗಿಡ ಹೋಯಿತೆಂದು ಅಮ್ಮ ಕಂಡವರಲ್ಲಿ ಹೇಳಿಕೊಳ್ಳುತ್ತಿದ್ದರು. ತಮ್ಮ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ನನ್ನ ಮನೆಯಲ್ಲಿ ಅದರ ಹದಿನಾಲ್ಕು ಕುಂಡ. ಕೊಡಬೇಕು ಎಂದರೆ ಹೇಳಬೇಕು, ಹೇಳಬೇಕು ಎಂದರೆ ಹನ್ನೆರಡು ವರ್ಷ ಕುಡಿದ ಕಷಾಯವೆಲ್ಲ ಕಕ್ಕಿದ ಹಾಗೆ. ಎರಡು ವರ್ಷ ತಡಮಾಡಿದೆ. ಗಿಡ ಇನ್ನೂ ದೊಡ್ಡದಾಗಲಿ ಎಂದು ಒಮ್ಮೆ, ಕಾರ್ತೀಕ ಕಳೆಯಲಿ ಎಂದು ಒಮ್ಮೆ.

2023ರ ಜೂನಿನಲ್ಲಿ ಎಲ್ಲಕ್ಕಿಂತ ಚೆಂದದ ಕುಂಡವನ್ನು ಎತ್ತಿಕೊಂಡು ಹೋದೆ. ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡಿದ್ದೆ. ಅಮ್ಮನಿಗೆ ಆಗ ಎಂಬತ್ತು ದಾಟಿತ್ತು, ಕನ್ನಡಕ ಸರಿಮಾಡಿಕೊಂಡು ಎಲೆಯನ್ನು ಮಗುಚಿ ನೋಡಿದರು.

"ಅಮ್ಮಾ, ಇದು ನಿಮ್ಮದೇ. ನೀವು ಕೊಡಲ್ಲ ಅಂದಾಗ ನಾನು ಕೇಳದೆ ಒಂದು ಎಲೆ ತಗೊಂಡು ಹೋಗಿದ್ದೆ."

ಅವರು ಎಲೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ನಂದಲ್ಲ ಇದು" ಎಂದರು. "ನಂದಕ್ಕೆ ಬೆಳ್ಳಿ ಇನ್ನೂ ಅಗಲ ಇತ್ತು. ಅಂಚು ಹೀಗೆ ಕಪ್ಪಗೆ ಇರ್ಲಿಲ್ಲ."

ಬೆಳಕು, ಗೊಬ್ಬರ, ಗಿಡದ ವಯಸ್ಸು ಬದಲಾದರೆ ಎಲೆಯ ಬಣ್ಣ ಬದಲಾಗುತ್ತದೆ ಎಂದು ವಿವರಿಸಿದೆ. ಪಾಠ ಮಾಡುವವರ ಚಟ. ಅವರು ತಲೆಯಾಡಿಸಿ, "ನೀವು ಸಮಾಧಾನಕ್ಕೆ ಹೇಳ್ತೀರಿ ಟೀಚರ್. ನನ್ನ ಗಿಡ ನಂಗೆ ಗೊತ್ತಾಗಲ್ವಾ? ಇರಲಿ, ಇದೂ ಚೆನ್ನಾಗಿದೆ" ಎಂದರು. ಮತ್ತೆ ಹೇಳಿದೆ. ಮತ್ತೂ ನಂಬಲಿಲ್ಲ. ಒಪ್ಪಿಕೊಂಡ ತಪ್ಪು ಹೀಗೆ ಕೈಯಲ್ಲೇ ಉಳಿದುಬಿಡಬಹುದೆಂದು ನಾನು ಯೋಚಿಸಿರಲಿಲ್ಲ. ಕಷಾಯ ಕುಡಿದು ಹೊರಟಾಗ ಅವರು ಜಗಲಿಯ ತುದಿಯವರೆಗೆ ಬಂದು, "ಇದು ಸ್ವಲ್ಪ ಮೈತುಂಬಿಕೊಳ್ಳಲಿ, ನಿಮಗೊಂದು ಎಲೆ ಕೊಡ್ತೀನಿ" ಎಂದರು.

ಇನ್ನು ಆ ಹುಡುಗಿ. ಅವಳು ಹತ್ತನೇ ತರಗತಿಗೆ ನಿಲ್ಲಿಸಿ ಹೊಲಿಗೆ ಕಲಿತು, ಈಗ ಪೇಟೆಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾಳೆ. ಕೈ ಬಹಳ ಶುದ್ಧ. ನನ್ನ ಬ್ಲೌಸುಗಳೆಲ್ಲ ಐದಾರು ವರ್ಷದಿಂದ ಅವಳ ಹತ್ತಿರವೇ ಹೊಲಿಸುವುದು. ಉಳಿದ ಬಟ್ಟೆಯ ಚೂರನ್ನೂ ಮಡಿಸಿ ಚೀಲದಲ್ಲಿಟ್ಟು ಕೊಡುತ್ತಾಳೆ, ಗೇಣಗಲದ್ದಾದರೂ. ಬೇರೆ ಟೈಲರ್‌ಗಳು ಯಾರೂ ಹಾಗೆ ಕೊಡುವುದಿಲ್ಲ.

2024ರ ದೀಪಾವಳಿಗೆ ಮುಂಚೆ ಒಂದು ಕುಂಡ ಹಿಡಿದು ಅಲ್ಲಿಗೂ ಹೋದೆ. ಅಂಗಡಿಯಲ್ಲಿ ಮೂರು ನಾಲ್ಕು ಜನ, ಹಬ್ಬದ ಗಡಿಬಿಡಿ. ಅವಳು ಗುಂಡುಪಿನ್ನು ತುಟಿಯಲ್ಲಿ ಕಚ್ಚಿಕೊಂಡು ಅಳತೆ ತೆಗೆಯುತ್ತಿದ್ದಳು. ಅವಳ ಹಿಂದೆ ಗೋಡೆಯುದ್ದಕ್ಕೂ ದಾರದ ಉಂಡೆಗಳು, ಎಷ್ಟು ಬಣ್ಣ. ಮನೆಯಿಂದ ಕಟ್ಟಿಕೊಂಡು ಹೋದ ಮಾತು ಅಷ್ಟು ಜನರ ಎದುರಿಗೆ ಬರಲಿಲ್ಲ. ಅವಳನ್ನು ಅಷ್ಟೇ ಜನರ ಎದುರಿಗೆ ನಿಲ್ಲಿಸಿದ್ದೆ ಎಂಬುದು ತಲೆಯಲ್ಲಿ ಹಾದುಹೋಯಿತು. "ನಿಂಗೆ ಅಂತ ತಂದೆ ಮಗಾ, ಬಾಗಿಲ ಹತ್ತಿರ ನೆರಳಲ್ಲಿಡು" ಎಂದಷ್ಟೇ ಹೇಳಿದೆ.

ಅವಳು ಪಿನ್ನು ತೆಗೆದು ನಕ್ಕಳು. ಎಲೆ ಮುಟ್ಟಿ ನೋಡಿದಳು. ಅವಳಿಗೆ ಗಿಡದ ಗುರುತು ಸಿಕ್ಕಿತೋ ಇಲ್ಲವೋ, ಮುಖದಲ್ಲಿ ಏನೂ ತಿಳಿಯಲಿಲ್ಲ. ಮೇಜಿನ ಖಾನೆ ಎಳೆಯುತ್ತಾ, "ಎಷ್ಟು ಕೊಡಬೇಕು ಟೀಚರ್?" ಎಂದಳು.

ಏನೂ ಬೇಡ ಎಂದೆ.

"ಬೇಡ ಟೀಚರ್, ನಾನು ಯಾರದ್ದೂ ಸುಮ್ಮನೆ ತಗೊಳ್ಳಲ್ಲ" ಎಂದು ಐವತ್ತು ರೂಪಾಯಿಯ ನೋಟನ್ನು ಮುಂದೆ ಹಿಡಿದಳು. ಜನ ನೋಡುತ್ತಿದ್ದರು. ನಾನು ತೆಗೆದುಕೊಂಡೆ. ಅದು ಇನ್ನೂ ನನ್ನ ಪರ್ಸಿನ ಒಳಜೇಬಿನಲ್ಲಿದೆ, ಖರ್ಚು ಮಾಡಲೂ ಆಗಿಲ್ಲ, ದೇವರ ಹುಂಡಿಗೆ ಹಾಕಲೂ ಮನಸ್ಸಾಗಿಲ್ಲ.

"ದಿನಾ ನೀರು ಹಾಕಬೇಕಾ ಟೀಚರ್?"

"ದಿನಾ ಬೇಡ. ಮಣ್ಣು ಮುಟ್ಟಿ ನೋಡಿ ಹಾಕು" ಎಂದೆ.